ಲೋಗೋ ಹೇಗಿದೆ, ಹೇಳಿ

1995ರ ಮೇ ತಿಂಗಳು. ಲಾಸ್ ಏಂಜಲೀಸಿನಲ್ಲಿ ಇ3 ಎಂಬ ವಿಡಿಯೊ ಗೇಮ್ ಮೇಳ ಮೊದಲ ಸಲ ನಡೆಯುತ್ತಿತ್ತು. ಸೋನಿ ಕಂಪನಿಯ ಪ್ಲೇಸ್ಟೇಷನ್ ಜಪಾನಿನಲ್ಲಿ ಬಿಡುಗಡೆಯಾಗಿ ಐದು ತಿಂಗಳಾಗಿತ್ತು. ಅಮೆರಿಕದ ಅಂಗಡಿಗಳಿಗೆ ಬರಲು ಇನ್ನೂ ನಾಲ್ಕು ತಿಂಗಳಿತ್ತು. ಆ ಯಂತ್ರವನ್ನು ಹುಟ್ಟುಹಾಕಿದ ಎಂಜಿನಿಯರ್ ಕೆನ್ ಕುಟರಾಗಿ ತಮ್ಮದೇ ಕಂಪನಿಯ ಮಳಿಗೆಗೆ ಬಂದರು. ಮಳಿಗೆಯ ಪಕ್ಕದಲ್ಲಿ ದೊಡ್ಡದೊಂದು ತಲೆಯ ಚಿತ್ರ. ಕೆಳಗೆ ಮೈಯಿಲ್ಲ. ನೇರಳೆ ಛಾಯೆಯ, ಎಲ್ಲ ಕಡೆಯಿಂದಲೂ ಮುಳ್ಳು ಎದ್ದಂಥ ತಲೆ. ಅದರ ಹೆಸರು ಪಾಲಿಗಾನ್ ಮ್ಯಾನ್. ಅಮೆರಿಕದ ಹುಡುಗರಿಗೆ ಪ್ಲೇಸ್ಟೇಷನ್ನಿನ ಮುಖವಾಗಿ ಇರಲಿ ಎಂದು ಸೋನಿಯ ಅಮೆರಿಕ ಶಾಖೆಯವರು ಅದನ್ನು ಮಾಡಿಸಿದ್ದರು.

ಕುಟರಾಗಿಯವರಿಗೆ ತಡೆಯಲಾರದ ಸಿಟ್ಟು ಬಂತು. ಆಗ ಅವರ ಜೊತೆಗೆ ನಡೆಯುತ್ತಿದ್ದ ಸೋನಿಯ ಫಿಲ್ ಹ್ಯಾರಿಸನ್ ಈ ಪ್ರಸಂಗವನ್ನು ಮುಂದೆ ಹೇಳಿಕೊಂಡಿದ್ದಾರೆ. ಇರುವ ಅಷ್ಟಿಷ್ಟು ಹಣವನ್ನು ಇನ್ನೊಂದು ಗುರುತಿಗೆ ಯಾಕೆ ಸುರಿಯುತ್ತೀರಿ ಎಂಬುದು ಸಿಟ್ಟಿಗೆ ಒಂದು ಕಾರಣ. ಅದು ಯಾವ ಮ್ಯಾನೇಜರನಿಗೂ ಬರುವ ಸಿಟ್ಟೇ. ಆದರೆ ಹ್ಯಾರಿಸನ್ ಹೇಳುವ ಪ್ರಕಾರ ಕುಟರಾಗಿಯವರನ್ನು ಎಲ್ಲಕ್ಕಿಂತ ಕೆರಳಿಸಿದ್ದು ಬೇರೆ: ಆ ತಲೆಗೆ ಗೂರೋ ಶೇಡಿಂಗ್ ಮಾಡಿರಲಿಲ್ಲ!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರಿನಲ್ಲಿ ಮೂರು ಆಯಾಮದ ವಸ್ತುವನ್ನು ಸಣ್ಣ ಸಣ್ಣ ತ್ರಿಕೋನ, ಚತುಷ್ಕೋನಗಳನ್ನು ಜೋಡಿಸಿ ಕಟ್ಟುತ್ತಾರೆ. ಒಂದೊಂದು ಚೂರಿಗೂ ಒಂದೊಂದೇ ಬಣ್ಣ ಬಳಿದರೆ ವಸ್ತು ಸೀಳಿದ ಕಲ್ಲಿನ ಹಾಗೆ ಕಾಣುತ್ತದೆ, ಅಂಚುಗಳೆಲ್ಲ ಎದ್ದು ನಿಲ್ಲುತ್ತವೆ. 1971ರಲ್ಲಿ ಆನ್ರಿ ಗೂರೋ ಎಂಬ ಫ್ರೆಂಚ್ ಸಂಶೋಧಕ ಒಂದು ಉಪಾಯ ಕೊಟ್ಟರು. ಚೂರಿನ ಮೂಲೆಗಳಲ್ಲಿ ಮಾತ್ರ ಬೆಳಕನ್ನು ಲೆಕ್ಕಹಾಕಿ, ನಡುವಿನ ಜಾಗದಲ್ಲಿ ಒಂದು ಮೂಲೆಯ ಬಣ್ಣ ಇನ್ನೊಂದು ಮೂಲೆಯ ಬಣ್ಣಕ್ಕೆ ನಿಧಾನವಾಗಿ ಕರಗುವ ಹಾಗೆ ಮಾಡಿದರೆ ಅದೇ ಕಲ್ಲು ನುಣುಪಾದ ಹಣ್ಣಿನ ಹಾಗೆ ಕಾಣುತ್ತದೆ. ಎಂಟೆಕ್ಕಿನಲ್ಲಿ ನಾನೂ ಒಂದು ಸೆಮಿಸ್ಟರ್ ಇದನ್ನು ಬರೆದು ಬರೆದು ಕೈ ನೋಯಿಸಿಕೊಂಡವನೇ. ಮನೆಯ ಟೀವಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ ಈ ಲೆಕ್ಕವನ್ನು ಆಟ ನಡೆಯುತ್ತಿರುವಾಗಲೇ, ಕ್ಷಣಕ್ಕೆ ಹತ್ತಾರು ಸಲ ಮಾಡುತ್ತದೆ ಎನ್ನುವುದು ಪ್ಲೇಸ್ಟೇಷನ್ನಿನ ಹೆಗ್ಗಳಿಕೆ. ಅಂಥ ಪೆಟ್ಟಿಗೆಯ ಮುಖವೇ ಚಪ್ಪಟೆ ಬಣ್ಣ ಬಳಿದುಕೊಂಡು ಗೋಡೆಯ ಮೇಲೆ ಕೂತಿತ್ತು. ಆಭರಣದ ಅಂಗಡಿಯ ಬೋರ್ಡಿಗೆ ಗಿಲೀಟು ಹೊಡೆಸಿದ ಹಾಗೆ.

ಒಂದು ಗುರುತಿನ ಬಗ್ಗೆ ಯಾರೋ ಕೊಟ್ಟ ಅಭಿಪ್ರಾಯಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ಕುಟರಾಗಿಯವರು ಚೆನ್ನಾಗಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ನಮ್ಮ ಯಂತ್ರಕ್ಕೆ ಬರುವ ಕೆಲಸ ನಿಮ್ಮ ಚಿತ್ರಕ್ಕೆ ಬಂದಿಲ್ಲ ಎಂದರು. ಪಾಲಿಗಾನ್ ಮ್ಯಾನ್ ಸ್ವಲ್ಪ ದಿನಕ್ಕೆ ಜಾಹೀರಾತುಗಳಿಂದ ಮಾಯವಾದ.

ಅಮೆರಿಕ ಶಾಖೆಯವರದ್ದು ಅಷ್ಟಕ್ಕೇ ಮುಗಿದಿರಲಿಲ್ಲ. ಅವರಿಗೆ ಪ್ಲೇಸ್ಟೇಷನ್ ಎಂಬ ಹೆಸರೇ ಒಪ್ಪಿಗೆಯಿರಲಿಲ್ಲ. ಯಂತ್ರದ ಒಳಹೆಸರಾಗಿದ್ದ ಪಿಎಸ್ಎಕ್ಸ್ ಎನ್ನುವುದನ್ನೇ ಇಟ್ಟುಕೊಳ್ಳೋಣ ಎಂದರು. ಮಾತಿಗೆ ಆಧಾರವಾಗಿ ಜನರನ್ನು ಕೂರಿಸಿ ಅಭಿಪ್ರಾಯ ಕೇಳಿದರು. ಯಾರಿಗೆ ಈ ಯಂತ್ರ ಮಾರಬೇಕೋ ಅವರಿಗೇ ಹೆಸರು ಹಿಡಿಸಲಿಲ್ಲ. ಹ್ಯಾರಿಸನ್ ಗಾಬರಿಯಿಂದ ಈ ಫಲಿತಾಂಶವನ್ನು ಸೋನಿಯ ಹಿರಿಯ ಅಧಿಕಾರಿ ತೆರುಹಿಸಾ ಟೊಕುನಾಕಾ ಅವರ ಮುಂದಿಟ್ಟರು. ಟೊಕುನಾಕಾ ತಣ್ಣಗೆ, ಇದೇನೂ ಅಲ್ಲ, ವಾಕ್‌ಮನ್ ಹೆಸರಿಗೆ ಜನ ಏನೆಲ್ಲ ಅಂದಿದ್ದರು ಎಂದು ನೀವು ಕೇಳಬೇಕಿತ್ತು ಎಂಬರ್ಥದ ಮಾತು ಹೇಳಿದರಂತೆ. ಚರ್ಚೆ ಅಲ್ಲಿಗೆ ಮುಗಿಯಿತು.

ವಾಕ್‌ಮನ್ ಕಥೆ ಗೊತ್ತಿರುವವರಿಗೆ ಆ ಉತ್ತರದ ತೂಕ ಗೊತ್ತಾಗುತ್ತದೆ. 1979ರ ಜುಲೈನಲ್ಲಿ ಜಪಾನಿನಲ್ಲಿ ಅದು ಬಿಡುಗಡೆಯಾದಾಗ ಇಂಗ್ಲಿಷ್ ಬಲ್ಲವರಿಗೆ ಆ ಹೆಸರು ವ್ಯಾಕರಣಗೆಟ್ಟ ಇಂಗ್ಲಿಷಾಗಿ ಕೇಳಿಸಿತು. ಹಾಗಾಗಿ ಅಮೆರಿಕದಲ್ಲಿ ಸೌಂಡಬೌಟ್, ಇಂಗ್ಲೆಂಡಿನಲ್ಲಿ ಸ್ಟೋಅವೇ, ಸ್ವೀಡನ್ನಿನಲ್ಲಿ ಫ್ರೀಸ್ಟೈಲ್ ಎಂದು ಊರಿಗೊಂದು ಹೆಸರಿಟ್ಟು ಮಾರಿದರು. ಕೊನೆಗೆ ಸೋನಿಯ ಅಕಿಯೋ ಮೊರಿಟಾ ಎಲ್ಲ ಕಡೆಯೂ ವಾಕ್‌ಮನ್ ಎಂದೇ ಇರಲಿ ಎಂದು ತೀರ್ಮಾನಿಸಿದರು. ಮುಂದಿನದು ನಮಗೆಲ್ಲ ಗೊತ್ತು. ತೊಂಬತ್ತರ ದಶಕದಲ್ಲಿ ನಮ್ಮೂರಿನ ಬಸ್ಸಿನಲ್ಲಿ ಕಿವಿಗೆ ಸ್ಪಂಜಿನ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವನ ಸೊಂಟದಲ್ಲಿ ಯಾವ ಕಂಪನಿಯ ಡಬ್ಬಿಯಿದ್ದರೂ ಅದು ವಾಕ್‌ಮನ್ನೇ. ಕಂಪನಿಯ ಹೆಸರನ್ನು ಯಾರು ಓದುತ್ತಿದ್ದರು?

ಹೆಸರೋ ಲೋಗೋವೋ ಹುಟ್ಟಿದ ದಿನ ಅದಕ್ಕೆ ಅರ್ಥವೇ ಇರುವುದಿಲ್ಲ. ಅದು ಖಾಲಿ ಪಾತ್ರೆ. ಖಾಲಿ ಪಾತ್ರೆ ಹಿಡಿದು, ಊಟ ಹೇಗಿದೆ ಎಂದು ಕೇಳಿದರೆ ಜನ ಇನ್ನೇನು ಹೇಳಿಯಾರು? ಕೇಳಿದ್ದಕ್ಕೆ ಏನಾದರೂ ಹೇಳಬೇಕಲ್ಲ ಎಂಬ ಸಂಕೋಚಕ್ಕೆ ಪಾತ್ರೆಯ ಬಣ್ಣದ ಬಗ್ಗೆ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುತ್ತಿರುವ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಕಡೆ, ಪರದೆಯ ಮೂಲೆಯಲ್ಲಿ ಕೂರುವ ಒಂದು ಪುಟ್ಟ ಗುರುತಿನ ನೀಲಿ ಯಾವ ನೀಲಿ ಎಂದು ತೀರ್ಮಾನಿಸಲು ಹನ್ನೊಂದು ಜನ ಮೂರು ವಾರ ಸಭೆ ಸೇರಿದರು. ಆ ಗುರುತನ್ನು ಒತ್ತಿದರೆ ಏನಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ಈಗ ಪ್ಲೇಸ್ಟೇಷನ್ನಿನ ಲೋಗೋಗೆ ಬರೋಣ. ಅದನ್ನು ಮಾಡಿದವರು ಮನಾಬು ಸಕಮೊಟೊ. ಅವರ ಕರಡು ಚಿತ್ರಗಳು ಈಗ ಎಲ್ಲರಿಗೂ ನೋಡಲು ಸಿಗುತ್ತವೆ. ಅವುಗಳನ್ನು ಸಾಲಾಗಿ ನೋಡುವುದು ಒಂದು ಪಾಠ. ಒಂದರಲ್ಲಿ ಪಿ ಮತ್ತು ಎಸ್ ಅಕ್ಷರಗಳು ಹೆಣೆದುಕೊಂಡಿವೆ, ಇನ್ನೊಂದರಲ್ಲಿ ಒಂದರೊಳಗೊಂದು ಕೂತಿವೆ, ಮತ್ತೊಂದರಲ್ಲಿ ಬರೀ ಗೆರೆ. ಕೆಲವು ಅಚ್ಚುಕಟ್ಟಾಗಿಯೇ ಇವೆ. ಬ್ಯಾಂಕಿಗೋ ಸಿಮೆಂಟ್ ಕಂಪನಿಗೋ ಕೊಟ್ಟರೆ ಸಂತೋಷದಿಂದ ತೆಗೆದುಕೊಂಡಾರು. ಕೊನೆಗೆ ಉಳಿದದ್ದರಲ್ಲಿ ಕೆಂಪು ಪಿ ನೆಟ್ಟಗೆ ನಿಂತಿದೆ. ಹಳದಿ, ಹಸಿರು, ನೀಲಿಯ ಎಸ್ ಅದರ ಬುಡದಲ್ಲಿ ನೆರಳಿನ ಹಾಗೆ ನೆಲಕ್ಕೆ ಮಲಗಿದೆ. ನಿಂತದ್ದೊಂದು, ಮಲಗಿದ್ದೊಂದು. ಅಷ್ಟರಿಂದಲೇ ಕಾಗದದ ಮೇಲೆ ನೆಲ ಹುಟ್ಟಿಬಿಡುತ್ತದೆ, ಆಳ ಹುಟ್ಟಿಬಿಡುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಆಡುತ್ತಿದ್ದ ಆಟಗಳಲ್ಲಿ ಹೆಚ್ಚಿನವು ಎಡದಿಂದ ಬಲಕ್ಕೆ ಓಡುವ ಚಪ್ಪಟೆ ಆಟಗಳು. ಈ ಪೆಟ್ಟಿಗೆ ನಿಮ್ಮನ್ನು ಒಳಕ್ಕೆ ಓಡಿಸುತ್ತದೆ ಎಂಬ ಮಾತನ್ನು ಎರಡು ಅಕ್ಷರ ಹೇಳುತ್ತವೆ. ಪಾಲಿಗಾನ್ ಮ್ಯಾನ್ ಯಾವ ಪರೀಕ್ಷೆಯಲ್ಲಿ ಸೋತನೋ ಅದೇ ಪರೀಕ್ಷೆಯಲ್ಲಿ ಈ ಲೋಗೋ ಗೆದ್ದಿದೆ.

ಇದಕ್ಕಿಂತ ಇಪ್ಪತ್ತೆರಡು ವರ್ಷ ಹಿಂದಿನ ಇನ್ನೊಂದು ಲೋಗೋ ಇದೆ. ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಕಂಪನಿಗೆ ಮೊದಲು ಸಿಝಿಜಿ ಎಂದು ಹೆಸರಿಟ್ಟಿದ್ದರು. ಖಗೋಳದಲ್ಲಿ ಮೂರು ಕಾಯಗಳು ಒಂದೇ ಗೆರೆಗೆ ಬರುವುದಕ್ಕೆ ಆ ಪದ. ನೋಂದಣಿಗೆ ಹೋದರೆ ಆ ಹೆಸರು ಆಗಲೇ ಬೇರೆಯವರ ಪಾಲಾಗಿತ್ತು. ಬುಶ್ನೆಲ್ ಅವರಿಗೆ ಜಪಾನಿನಲ್ಲಿ ಬೆಳೆದ 'ಗೋ' ಎಂಬ ಕಲ್ಲಿನಾಟದ ಹುಚ್ಚು. ಎದುರಾಳಿಯ ಕಲ್ಲು ಇನ್ನೊಂದೇ ನಡೆಗೆ ಸೆರೆಯಾಗುತ್ತದೆ ಎನ್ನುವ ಸ್ಥಿತಿಗೆ ಅಲ್ಲಿ 'ಅಟಾರಿ' ಎನ್ನುತ್ತಾರೆ, ಚದುರಂಗದಲ್ಲಿ ನಾವು ಶಾ ಕೊಟ್ಟ ಹಾಗೆ. 1972ರ ಜೂನ್ 27ರಂದು ಅಟಾರಿ ಎಂಬ ಹೆಸರಿನಲ್ಲಿ ಕಂಪನಿ ನೋಂದಣಿಯಾಯಿತು.

ಲೋಗೋ ಮಾಡಿದವರು ಜಾರ್ಜ್ ಆಪರ್‌ಮನ್. ನಡುವೆ ನೆಟ್ಟಗಿನ ಒಂದು ಕಂಬ, ಎರಡು ಪಕ್ಕದಲ್ಲಿ ಬುಡಕ್ಕೆ ಬರುತ್ತ ಹೊರಕ್ಕೆ ಬಾಗಿದ ಎರಡು ಕಂಬ. ಇಂಗ್ಲಿಷಿನ ಎ ಅಕ್ಷರದ ಹಾಗೂ ಕಾಣುತ್ತದೆ, ಬೆಟ್ಟದ ಹಾಗೂ ಕಾಣುತ್ತದೆ. ಜಪಾನಿ ಹೆಸರಿನ ಕಂಪನಿಯಾದ್ದರಿಂದ ಜನ ಅದನ್ನು ಫ್ಯೂಜಿ ಪರ್ವತ ಎಂದೇ ಅಂದುಕೊಂಡರು. ಇವತ್ತಿಗೂ ಆ ಗುರುತಿಗೆ ಫ್ಯೂಜಿ ಎಂದೇ ಅಡ್ಡಹೆಸರು. ಆಪರ್‌ಮನ್ ಸ್ವತಃ ಕೊಟ್ಟ ವಿವರಣೆ ಬೇರೆ. ಆಗ ಅಟಾರಿಯ ಹೆಸರೆಂದರೆ ಪಾಂಗ್ ಆಟ: ಪರದೆಯ ನಡುವೆ ಒಂದು ಗೆರೆ, ಎರಡು ಬದಿಗೆ ಇಬ್ಬರು ಆಟಗಾರರು, ಗೆರೆ ದಾಟಿ ದಾಟಿ ಹೋಗುವ ಚೆಂಡು. ಎರಡೂ ಕಡೆಯಿಂದ ಬೀಳುವ ಆ ಹೊಡೆತಕ್ಕೆ ನಡುಗೆರೆ ಬಾಗಿದರೆ ಹೇಗಿರುತ್ತದೆ ಎಂದು ಯೋಚಿಸಿ ಅದನ್ನು ಬರೆದರಂತೆ. 1973ರಲ್ಲಿ ಸ್ಪೇಸ್ ರೇಸ್ ಎಂಬ ಆಟದ ಯಂತ್ರದ ಮೇಲೆ ಅದು ಕಾಣಿಸಿಕೊಂಡಿತು.

ಮಾಡಿದವನ ಮನಸ್ಸಿನಲ್ಲಿ ಚೆಂಡಾಟ, ನೋಡಿದವರ ಕಣ್ಣಿಗೆ ಬೆಟ್ಟ. ಅರ್ಥ ಒಂದಾಗಲಿಲ್ಲ. ಆದರೆ ಲೋಗೋ ಸೋಲಲಿಲ್ಲ. ಅದರ ಗಟ್ಟಿತನ ಇರುವುದು ಅದರ ಆಕಾರದಲ್ಲಿ. ಮಬ್ಬುಗತ್ತಲೆಯ ಬಾರಿನಲ್ಲಿ ಹತ್ತು ಮಾರು ದೂರದಿಂದ ಗುರುತು ಸಿಗಬೇಕು, ಮರದ ಪೆಟ್ಟಿಗೆಯ ಮೇಲೂ ಲೋಹದ ತಗಡಿನ ಮೇಲೂ ಒಂದೇ ಬಣ್ಣದಲ್ಲಿ ಅಚ್ಚಾಗಬೇಕು. ಮೂರು ಗೆರೆಗೆ ಅದು ಕಷ್ಟವಲ್ಲ. 1982ರ ಬ್ಲೇಡ್ ರನ್ನರ್ ಸಿನಿಮಾದಲ್ಲಿ, ಮಳೆ ಸುರಿಯುವ ಭವಿಷ್ಯದ ನಗರದ ಕಟ್ಟಡದ ಮೇಲೆ ಅಟಾರಿಯ ನಿಯಾನ್ ಗುರುತು ಹೊಳೆಯುತ್ತದೆ. ಅದಾಗಿ ಎರಡೇ ವರ್ಷಕ್ಕೆ ಕಂಪನಿ ಒಡೆದು ಹೋಳಾಯಿತು. ಆಮೇಲೆ ಕೈಯಿಂದ ಕೈಗೆ ಮಾರಾಟವಾಗುತ್ತ ಬಂತು. ಕೊನೆಗೆ ಕೊಂಡುಕೊಂಡ ಫ್ರೆಂಚ್ ಕಂಪನಿ ಇನ್ಫೋಗ್ರಾಮ್ಸ್ ತನ್ನ ಸ್ವಂತ ಹೆಸರನ್ನೇ ಬಿಟ್ಟು ಅಟಾರಿಯಾಯಿತು. ಮನೆ ಕೊಂಡವನು ಬಾಗಿಲಿನ ಮೇಲಿದ್ದ ಹಳೆಯ ಯಜಮಾನನ ಹೆಸರನ್ನು ತಾನೇ ಇಟ್ಟುಕೊಂಡಂತೆ.

ಬಳಕೆಯ ಜಾಗದಿಂದ ಬಂದ ಅಭಿಪ್ರಾಯ ಎಂದರೆ ನನಗೆ ಪ್ಯಾಕ್‌ಮ್ಯಾನ್ ನೆನಪಾಗುತ್ತದೆ. 1980ರಲ್ಲಿ ಜಪಾನಿನ ನಾಮ್ಕೋ ಕಂಪನಿಯ ಟೋರು ಇವಾತಾನಿ ಮಾಡಿದ ಆಟ. ನಾವು ಗಬಗಬ ತಿನ್ನುವುದು ಎನ್ನುವ ಹಾಗೆ, ಬಾಯಿ ತೆರೆದು ಮುಚ್ಚಿ ತಿನ್ನುವ ಸದ್ದಿಗೆ ಜಪಾನಿಯಲ್ಲಿ 'ಪಕು ಪಕು' ಎನ್ನುತ್ತಾರೆ. ಅದರಿಂದ ಆಟಕ್ಕೆ ಮೊದಲಿದ್ದ ಹೆಸರು ಪಕ್‌ಮ್ಯಾನ್, ಇಂಗ್ಲಿಷಿನಲ್ಲಿ ಪಿ-ಯು-ಸಿ-ಕೆ ಎಂದು ಬರೆಯುತ್ತಿದ್ದರು. ಅಮೆರಿಕಕ್ಕೆ ಬರುವಾಗ ಒಂದು ಪ್ರಶ್ನೆ ಎದ್ದಿತು. ಅಂಗಡಿಯ ಮೂಲೆಯಲ್ಲಿ ನಿಲ್ಲುವ ಯಂತ್ರ, ಸುತ್ತ ಶಾಲೆ ತಪ್ಪಿಸಿ ಬಂದ ಹುಡುಗರು. ಒಬ್ಬ ಹುಡುಗ ಮೊಳೆ ತೆಗೆದುಕೊಂಡು ಪಿ ಅಕ್ಷರದ ಹೊಟ್ಟೆಯನ್ನು ಬಲಗಡೆಯಿಂದ ಸ್ವಲ್ಪ ಕೆರೆದರೆ ಅದು ಎಫ್ ಆಗುತ್ತದೆ. ಆಮೇಲೆ ಆ ಪದ ಏನಾಗುತ್ತದೆ ಎಂದು ನಾನು ಇಲ್ಲಿ ಬರೆಯಬೇಕಾಗಿಲ್ಲ. ಯು ತೆಗೆದು ಎ ಹಾಕಿದರು, ಪ್ಯಾಕ್‌ಮ್ಯಾನ್ ಆಯಿತು. ಬಸ್ಸಿನ ಬೋರ್ಡಿನ ಅಕ್ಷರ ಕೆರೆದು ಊರಿನ ಹೆಸರು ಕೆಡಿಸುವ ಹುಡುಗರನ್ನು ಕಂಡ ನಮಗೆ ಈ ಭಯ ಹೊಸದಲ್ಲ. ಹೆಸರು ಚೆನ್ನಾಗಿದೆಯೋ ಇಲ್ಲವೋ ಎಂಬ ಚರ್ಚೆಯಲ್ಲಿ ಇಂಥ ಮಾತು ಹೊರಬರುವುದಿಲ್ಲ. ಇದರ ಮೇಲೆ ಯಾರ ಕೈ ಬೀಳುತ್ತದೆ ಎಂದು ಕೇಳಿದರೆ ಬರುತ್ತದೆ.

ಹಾಗೆಂದು ಜನರನ್ನು ಕೇಳುವುದೇ ದಂಡ ಎಂದು ನಾನು ವಾದಿಸಲಾರೆ, ಏಕೆಂದರೆ ಸೋನಿಕ್ ಇದ್ದಾನೆ. ಸೆಗಾ ಕಂಪನಿಗೆ ಹೊಸ ಆಟವೊಂದಕ್ಕೆ ಒಬ್ಬ ನಾಯಕ ಬೇಕಿತ್ತು. ಕಲಾವಿದ ನವೋಟೊ ಓಶಿಮಾ ಕೆಲವು ಚಿತ್ರ ಬರೆದಿದ್ದರು: ಒಂದು ಮುಳ್ಳುಹಂದಿ, ಒಬ್ಬ ಮೀಸೆಯ ದಪ್ಪ ಮನುಷ್ಯ, ಒಂದು ನಾಯಿ. ನ್ಯೂಯಾರ್ಕಿಗೆ ಹೋದಾಗ ಆ ಹಾಳೆಗಳನ್ನು ಸೆಂಟ್ರಲ್ ಪಾರ್ಕಿಗೆ ತೆಗೆದುಕೊಂಡು ಹೋಗಿ, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಯಾವುದು ಇಷ್ಟ ಎಂದು ಕೇಳಿದರು. 2018ರಲ್ಲಿ ಗೇಮ್ ತಯಾರಕರ ಸಮ್ಮೇಳನವೊಂದರಲ್ಲಿ ಅವರೇ ಹೇಳಿದ್ದು ಇದು. ಮುಳ್ಳುಹಂದಿಗೆ ಹೆಚ್ಚು ಬೆರಳು ಬಿತ್ತು, ಮೀಸೆಯವನಿಗೆ ಎರಡನೇ ಸ್ಥಾನ, ನಾಯಿ ಮೂರನೆಯದು. ಮುಳ್ಳುಹಂದಿ ಸೋನಿಕ್ ಆದ, ಮೀಸೆಯವನು ಅದೇ ಆಟದ ಖಳನಾದ.

ಇಲ್ಲಿ ಕೇಳಿದ ರೀತಿ ನೋಡಿ. ಕೇಳಿದ್ದು ಅಪರಿಚಿತರನ್ನು, ಅವರಿಗೆ ಓಶಿಮಾ ಅವರ ಮನಸ್ಸು ಕಾಯುವ ಹಂಗಿರಲಿಲ್ಲ. ಕೈಯಲ್ಲಿದ್ದದ್ದು ಪೆನ್ಸಿಲ್ ಚಿತ್ರ. ಬದಲಾಯಿಸಲು ಇನ್ನೂ ಸಮಯವಿತ್ತು. ಮೂರರಲ್ಲಿ ಯಾವುದನ್ನು ಬರೆದುಕೊಂಡು ಹೋದರೂ ಆಟ ಮಾಡಬಹುದಿತ್ತು. ಅದಾದ ಮೇಲೆ ಸೋನಿಕ್‌ಗೆ ಕೋರೆಹಲ್ಲು, ರಾಕ್ ಸಂಗೀತದ ತಂಡ, ಮಡೋನಾ ಎಂಬ ಗೆಳತಿ ಎಲ್ಲ ಸೇರಿಕೊಂಡಿದ್ದವು. ಸೆಗಾದ ಅಮೆರಿಕ ಶಾಖೆಯವರು ಅವನ್ನೆಲ್ಲ ತೆಗೆಸಿದರು. ಆ ವಿಷಯದಲ್ಲಿ ಅಮೆರಿಕದವರ ಮಾತೇ ಸರಿಯಿತ್ತು ಎಂದು ನನ್ನ ಎಣಿಕೆ. 1991ರ ಜೂನಿನಲ್ಲಿ ಆಟ ಹೊರಬಂದಾಗ ಅವನಿಗೆ ಓಡುವುದೊಂದೇ ಕೆಲಸ.

ಎಕ್ಸ್‌ಬಾಕ್ಸ್‌ನ ಕಥೆ ಇನ್ನೂ ತಮಾಷೆ. ಮೈಕ್ರೋಸಾಫ್ಟಿನ ಡೈರೆಕ್ಟ್‌ಎಕ್ಸ್ ಎಂಬ ತಂತ್ರಾಂಶದ ಸುತ್ತ ಕಟ್ಟಿದ ಪೆಟ್ಟಿಗೆಯಾದ್ದರಿಂದ ಒಳಗಿನವರು ಎಕ್ಸ್‌ಬಾಕ್ಸ್ ಎಂದು ಕರೆಯುತ್ತಿದ್ದರು. ಮಾರಾಟ ವಿಭಾಗದವರಿಗೆ ಅದು ಸಹಿಸಲಾಗದ ಹೆಸರು. ಉದ್ದದ ಪಟ್ಟಿಯೊಂದನ್ನು ಮಾಡಿ ಜನರ ಮುಂದಿಟ್ಟರು. ಇದು ಎಷ್ಟು ಕೆಟ್ಟದ್ದು ಎಂದು ತೋರಿಸುವುದಕ್ಕೆಂದೇ ಎಕ್ಸ್‌ಬಾಕ್ಸ್ ಹೆಸರನ್ನೂ ಪಟ್ಟಿಗೆ ಸೇರಿಸಿದರು. ಅದೇ ಗೆದ್ದುಬಿಟ್ಟಿತು. ಆ ತಂಡದ ಷೇಮಸ್ ಬ್ಲ್ಯಾಕ್ಲಿ ಇದನ್ನು ಸಂದರ್ಶನಗಳಲ್ಲಿ ಸಂತೋಷದಿಂದ ಹೇಳುತ್ತಾರೆ. ಲೋಗೋದ ಹಸಿರು ಬಣ್ಣಕ್ಕೂ ಒಂದು ಕಥೆಯಿದೆ: ಉಳಿದ ಬಣ್ಣದ ಮಾರ್ಕರುಗಳನ್ನೆಲ್ಲ ಸಹೋದ್ಯೋಗಿಗಳು ಎತ್ತಿಕೊಂಡು ಹೋಗಿದ್ದರಿಂದ ವಿನ್ಯಾಸಕಾರ ಹೊರೇಸ್ ಲೂಕ್ ಅವರ ಕೈಗೆ ಯಾರಿಗೂ ಬೇಡವಾದ ಹಸಿರು ಸಿಕ್ಕಿತಂತೆ. 2001ರ ನವೆಂಬರಿನಲ್ಲಿ ಹಸಿರು ಗುರುತಿನೊಂದಿಗೇ ಅದು ಮಾರುಕಟ್ಟೆಗೆ ಬಂತು.

ಒಂದು ಕಡೆ ಜನ ಬೇಡವೆಂದ ಹೆಸರು ಉಳಿಯಿತು, ಇನ್ನೊಂದು ಕಡೆ ಸೋಲಲೆಂದು ನಿಲ್ಲಿಸಿದ ಹೆಸರು ಗೆದ್ದಿತು. ಎರಡಕ್ಕೂ ಇರುವ ಸಾಮ್ಯವೆಂದರೆ, ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಸಿದ್ಧವಾಗಿತ್ತು ಎಂದು ನನಗನ್ನಿಸುತ್ತದೆ. ಜನರನ್ನು ಕರೆದದ್ದು ಸಾಕ್ಷಿ ಹೇಳಿಸಲು. ಕಚೇರಿಯಲ್ಲಿ ಸಮೀಕ್ಷೆ ಎಂಬ ಶಬ್ದ ಕೇಳಿದಾಗಲೆಲ್ಲ ಯಾರು ಯಾರ ಜೊತೆ ಜಗಳವಾಡುತ್ತಿದ್ದಾರೆ ಎಂದು ನಾನು ಮೊದಲು ವಿಚಾರಿಸುತ್ತೇನೆ.

ಗುರುತುಗಳ ಇನ್ನೊಂದು ತೊಂದರೆಯೆಂದರೆ ಅವು ಊರಿಂದೂರಿಗೆ ಅರ್ಥ ಬದಲಿಸುವುದು. ಪ್ಲೇಸ್ಟೇಷನ್ನಿನ ಕೈಯಾಡಿಸುವ ಗುಂಡಿಗಳ ಮೇಲೆ ಅಕ್ಷರದ ಬದಲು ನಾಲ್ಕು ಆಕಾರ ಇಟ್ಟವರು ವಿನ್ಯಾಸಕಾರ ತೆಯ್ಯು ಗೋಟೊ. ತ್ರಿಕೋನ ಎಂದರೆ ನೋಡುವ ದಿಕ್ಕು, ಚೌಕ ಎಂದರೆ ಕಾಗದದ ಹಾಳೆ, ಸೊನ್ನೆ ಎಂದರೆ ಹೌದು, ಇಂಟು ಎಂದರೆ ಅಲ್ಲ. ಸೊನ್ನೆಗೆ ಕೆಂಪು, ಇಂಟುಗೆ ನೀಲಿ ಬಣ್ಣ ಕೊಟ್ಟಿದ್ದನ್ನು ಕಂಡು, ಬಣ್ಣ ಅದಲುಬದಲಾಗಿದೆ ಎಂದು ಕೆಲವರು ಭಾವಿಸಿದರಂತೆ. ಬೇಕೆಂದೇ ಹಾಗೆ ಮಾಡಿದ್ದು ಎಂದು ಅವರು ಮೇಲಿನವರಿಗೆ ತಿಳಿಸಿ ಹೇಳಬೇಕಾಯಿತು. ಜಪಾನಿನ ಶಾಲೆಯಲ್ಲಿ ಸರಿಯುತ್ತರಕ್ಕೆ ಮೇಷ್ಟ್ರು ಸೊನ್ನೆ ಸುತ್ತುತ್ತಾರೆ. ಅಮೆರಿಕದಲ್ಲಿ ಸೊನ್ನೆಗೆ ಆ ಅರ್ಥವಿಲ್ಲ. ಹಾಗಾಗಿ ಅಲ್ಲಿ ಇಂಟು ಒತ್ತಿದರೆ ಹೌದು, ಜಪಾನಿನಲ್ಲಿ ಸೊನ್ನೆ ಒತ್ತಿದರೆ ಹೌದು ಎಂದು ಇಪ್ಪತ್ತಾರು ವರ್ಷ ನಡೆಯಿತು. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಜಪಾನಿನಲ್ಲೂ ಇಂಟುವೇ ಹೌದಾಯಿತು.

ಅನ್ಯಭಾಷೆಯ ಲಿಪಿಯನ್ನು ಅಲಂಕಾರಕ್ಕೆ ಬಳಸಿದರೆ ಆಗುವ ಫಜೀತಿ ಇನ್ನೊಂದು. 1989ರಲ್ಲಿ ಟೆಂಗೆನ್ ಎಂಬ ಕಂಪನಿ ಟೆಟ್ರಿಸ್ ಆಟದ ಕ್ಯಾಸೆಟ್ ತಂದಿತು. ಟೆಂಗೆನ್ ಎಂಬುದೂ ಗೋ ಆಟದ್ದೇ ಪದ, ಹಲಗೆಯ ನಟ್ಟನಡುವಿನ ಬಿಂದು. ರಷ್ಯಾದ ಆಟ ಎಂದು ತೋರಿಸಲು ಟೆಟ್ರಿಸ್ ಎಂಬುದರ ಆರ್ ಅಕ್ಷರವನ್ನು ತಿರುಗಿಸಿ ಬರೆದರು. ಅಮೆರಿಕದವರ ಕಣ್ಣಿಗೆ ಅದು ರಷ್ಯನ್ ಮೆರುಗು. ಆದರೆ ರಷ್ಯನ್ ಲಿಪಿಯಲ್ಲಿ ಆ ತಿರುಗಿದ ಆರ್ 'ಯಾ' ಎಂದಾಗುತ್ತದೆ. ಮೊದಲ ನಾಲ್ಕು ಅಕ್ಷರಗಳನ್ನು ರಷ್ಯನ್ ಬಲ್ಲವರು ಓದಿದರೆ ಅಲ್ಲಿ ಅತ್ತೆಯೋ ಚಿಕ್ಕಮ್ಮನೋ ಕಾಣಿಸುತ್ತಾಳೆ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೆರೆ ಎಳೆದು ಇದು ಇಂಡಿಯಾ ಎನ್ನುವ ಹೋಟೆಲ್ ಬೋರ್ಡುಗಳನ್ನು ನೋಡಿದಾಗ ನನಗೆ ಆ ಅತ್ತೆ ನೆನಪಾಗುತ್ತಾಳೆ.

ಇದೆಲ್ಲವನ್ನೂ ಹೋದ ವರ್ಷ ನಾನು ಹುಡುಕಿ ಓದಿದ್ದಕ್ಕೆ ಕಾರಣ ನನ್ನ ಅಕ್ಕನ ಮಗಳು. ಇಲ್ಲೇ ಪುಣೆಯಲ್ಲಿ ಡಿಸೈನ್ ಕೆಲಸ ಮಾಡುತ್ತಾಳೆ. ಇಬ್ಬರು ಗೆಳತಿಯರ ಜೊತೆ ರಜೆಯ ದಿನಗಳಲ್ಲಿ ಕೂತು ಚೌಕಾಬಾರ ಆಟವನ್ನು ಮೊಬೈಲಿಗೆ ತರುತ್ತಿದ್ದಾಳೆ. ಹತ್ತು ತಿಂಗಳಿನಿಂದ ಸಂಬಳವಿಲ್ಲದ ದುಡಿಮೆ. ಲೋಗೋಗೆ ಅವಳು ಬರೆದದ್ದು ಒಂದೇ ಒಂದು ಚೌಕದ ಮನೆ. ಒಳಗೆ ಇಂಟು ಗುರುತು, ನಡುವೆ ಒಂದು ಕವಡೆ, ಕೆಳಗೆ ಕನ್ನಡದಲ್ಲಿ ಚೌಕಾಬಾರ ಎಂಬ ಅಕ್ಷರಗಳು. ನನಗೆ ನೋಡಿದ ಕೂಡಲೇ ಹಿಡಿಸಿತು. ಆದರೆ ಅವಳಿಗೆ ಧೈರ್ಯ ಸಾಲದೆ ಬಳಗದ ವಾಟ್ಸಾಪ್ ಗುಂಪಿಗೂ ಇಲ್ಲಿಯ ಕನ್ನಡಿಗರ ಗುಂಪಿಗೂ ಹಾಕಿ, ಹೇಗಿದೆ ಹೇಳಿ ಎಂದಳು.

ಹೇಳಿದರು. ಬಣ್ಣ ಡಲ್ಲಾಯಿತು. ಬಾವುಟದ ಹಳದಿ ಕೆಂಪು ಬರಲಿ. ಯಕ್ಷಗಾನದ ಕಿರೀಟ ಇಟ್ಟರೆ ಹೇಗೆ? ಕರ್ನಾಟಕ ಅಂದರೆ ಆನೆ, ಮೈಸೂರು ದಸರೆಯ ಆನೆ ಇರಲಿ. ಹುಡುಗಿ ಪಾಪ ಆನೆಯದ್ದೊಂದು, ಬಾವುಟದ ಬಣ್ಣದ್ದೊಂದು ಮಾಡಿ ಮೂರನ್ನೂ ಮತಕ್ಕೆ ಹಾಕಿದಳು. ಆನೆಗೆ ಭಾರಿ ಬಹುಮತ ಬಂತು. ರಾತ್ರಿ ನನಗೆ ಫೋನು ಮಾಡಿ, "ಮಾಮಾ, ಆನೆ ಗೆದ್ದಿದೆ. ಆಟದಲ್ಲಿ ಆನೆಯೇ ಇಲ್ವಲ್ಲ, ಏನ್ಮಾಡಲಿ?" ಎಂದಳು. ಧ್ವನಿಯಲ್ಲಿ ಅಳುವಿತ್ತು. ಲೋಗೋ ಇರಲಿ, ಆಟವನ್ನೇ ಬಿಟ್ಟುಬಿಡುವ ಹಂತಕ್ಕೆ ಬಂದಿದ್ದಳು. ನಾನು ಅವಳಿಗೆ ಪಾಲಿಗಾನ್ ಮ್ಯಾನ್‌ನ ಕಥೆ ಹೇಳಿದೆ. ಮತ ಹಾಕಿದವರಲ್ಲಿ ಎಷ್ಟು ಜನ ಈ ಆಟ ಆಡುತ್ತಾರೆ ಎಂದು ಕೇಳಿದೆ. ಅವಳು ಲೆಕ್ಕಹಾಕಿ, "ಅಜ್ಜಿ ಒಬ್ರೇ, ಆದ್ರೆ ಅವ್ರು ವಾಟ್ಸಾಪಲ್ಲಿ ಇಲ್ಲ" ಎಂದಳು.

ಅಜ್ಜಿ ಎಂದರೆ ನಮ್ಮಮ್ಮ. ಎಪ್ಪತ್ತಾರು ವರ್ಷ. ಹಾಸನದ ಮನೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ನಾಲ್ಕು ಕವಡೆ ಹಿಡಿದು, ಬೇಸಗೆ ರಜೆಯಲ್ಲಿ ನಮ್ಮನ್ನೆಲ್ಲ ಸೋಲಿಸುತ್ತಿದ್ದವರು. ನಾಲ್ಕೂ ಕವಡೆ ಬಾಯಿ ಮೇಲೆ ಮಾಡಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಮರುದಿನ ಮೊಮ್ಮಗಳು ಫೋನಿನಲ್ಲಿ ಮೊದಲಿನ ಚಿತ್ರ ತೋರಿಸಿದಳು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದವರೇ, "ಏನೇ ಇದು, ತಪ್ಪು ಅಂತ ಇಂಟು ಹಾಕಿದ್ದೀಯ? ಕಟ್ಟೆಗೆ ಗೆರೆ ಮೂಲೆಯಿಂದ ಮೂಲೆಗೆ ಎಳೀಬೇಕು ಕಣೇ. ಹೀಗೆ ನಡುವೆ ಬಿಟ್ರೆ ಮೇಷ್ಟ್ರು ಹಾಕಿದ ಹಾಗಿರುತ್ತೆ" ಎಂದರು.

ನಾವಿಬ್ಬರೂ ಚಿತ್ರವನ್ನು ಮತ್ತೆ ನೋಡಿದೆವು. ಇಂಟುವಿನ ನಾಲ್ಕು ತುದಿಗಳೂ ಚೌಕದ ಮೂಲೆಗೆ ತಾಗದೆ ಒಳಗೇ ನಿಂತಿದ್ದವು. ಅಂದ ಕಾಣಲಿ ಎಂದು ಅವಳು ಬಿಟ್ಟ ಸಣ್ಣ ಅಂತರ. ಆ ಅಂತರದಿಂದಲೇ ಕಟ್ಟೆ ಹೋಗಿ ಕಾಟು ಆಗಿತ್ತು. ಚೌಕಾಬಾರದಲ್ಲಿ ಇಂಟು ಇರುವ ಮನೆ ಎಂದರೆ ಆಸರೆ. ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಗೆರೆ ಮೂಲೆಯಿಂದ ಮೂಲೆಗೆ ಹೋದರೆ ಮನೆ ಮುಚ್ಚಿ ಭದ್ರವಾಗುತ್ತದೆ. ಎರಡು ಗುಂಪಿನ ನೂರಾರು ಜನ ಹೇಳಲಾಗದ ಮಾತನ್ನು ಆಡಿದ ಕೈಯೊಂದು ಹೇಳಿತು. ಅಮ್ಮನಿಗೆ ಕುಟರಾಗಿಯೂ ಗೊತ್ತಿಲ್ಲ, ಗೂರೋ ಶೇಡಿಂಗೂ ಗೊತ್ತಿಲ್ಲ.

ತಿದ್ದಿದ ಚಿತ್ರವನ್ನು ಮೇಲಿನ ಮನೆಯ ಮರಾಠಿ ಅಜ್ಜಿಗೂ ತೋರಿಸಿದಳು. ಅವರಿಗೆ ಕನ್ನಡ ಓದಲು ಬಾರದು. ಚೌಕ ನೋಡಿದ ಕೂಡಲೇ, "ಅರೆ, ಚಲ್ಲಸ್ ಆಠ್!" ಎಂದರು. ಮರಾಠಿಯಲ್ಲಿ ಈ ಆಟಕ್ಕೆ ಆ ಹೆಸರು. ತೆಲುಗಿನಲ್ಲಿ ಅಷ್ಟಾ ಚಮ್ಮಾ ಎನ್ನುತ್ತಾರೆ. ಹೈದರಾಬಾದಿನ ನನ್ನ ಸಹೋದ್ಯೋಗಿಯೊಬ್ಬನೂ ಅಕ್ಷರ ಓದದೆಯೇ ಗುರುತು ಹಿಡಿದ. ಇವರಾರನ್ನೂ ಹೇಗಿದೆ ಎಂದು ನಾವು ಕೇಳಲಿಲ್ಲ. ಇದೇನು ಎಂದು ಮಾತ್ರ ಕೇಳಿದೆವು.

ಆನೆಯ ಕಡೆಯವರು ಗುಂಪಿನಲ್ಲಿ ಇನ್ನೂ ವಿಚಾರಿಸುತ್ತಿದ್ದಾರೆ. ಬಹುಮತವನ್ನು ಕಡೆಗಣಿಸಿದರೆ ಯಾಕೆ ಕೇಳಬೇಕಿತ್ತು ಎಂದು ನಮ್ಮ ದೊಡ್ಡಪ್ಪನ ಮಗ ಮುನಿಸಿಕೊಂಡಿದ್ದಾನೆ, ಅವನ ಪ್ರಶ್ನೆಯೂ ನ್ಯಾಯವಾದದ್ದೇ. ಅವನಿಗೆ ಆಟದೊಳಗೆ ಒಂದು ಕಾಯಿಯನ್ನು ಆನೆಯ ಆಕಾರದಲ್ಲಿ ಮಾಡಿಕೊಡುತ್ತೇನೆ ಎಂದು ಹುಡುಗಿ ಮಾತು ಕೊಟ್ಟಿದ್ದಾಳೆ. ಹೋದ ಭಾನುವಾರ ಲೋಗೋವನ್ನು ಫೋನಿನ ಪರದೆಯ ಮೇಲೆ ಉಗುರಿನಷ್ಟು ಚಿಕ್ಕದು ಮಾಡಿ ನನ್ನ ಹೆಂಡತಿಗೆ ತೋರಿಸಿ, ಇದೇನು ಎಂದು ಕೇಳಿದೆ. ಅವಳ ತವರು ಚಿಕ್ಕಮಗಳೂರು. ಕಾಫಿಪುಡಿ ಕಂಪನಿಯ ಆ್ಯಪ್ ಅಲ್ವಾ ಎಂದಳು. ಅಷ್ಟು ಚಿಕ್ಕದಾದಾಗ ಕವಡೆಯ ಬಾಯಿಯ ಹಲ್ಲುಗಳು ಅಳಿಸಿಹೋಗಿ ನಡುವೆ ಒಂದು ಸೀಳು ಮಾತ್ರ ಉಳಿಯುತ್ತದೆ, ಥೇಟ್ ಕಾಫಿ ಬೀಜ. ಈ ವಾರ ಹುಡುಗಿ ಹಲ್ಲುಗಳ ಸಂಖ್ಯೆ ಕಡಿಮೆ ಮಾಡಿ ಒಂದೊಂದನ್ನೂ ದಪ್ಪ ಮಾಡುತ್ತಿದ್ದಾಳೆ.